ಗೃಹಸ್ಥರ ಗಮನಕ್ಕೆ: ಮೋಟಾರಿನ ಚಕ್ರಗಳ ಕಾವಲು

ರಾತ್ರಿ ಮನೆಯ ಮುಂದೆ ನಿಲ್ಲಿಸಿದ ಕಾರು ಬೆಳಗಾಗುವಷ್ಟರಲ್ಲಿ ಚಕ್ರಗಳಿಲ್ಲದೆ ಇಟ್ಟಿಗೆಗಳ ಮೇಲೆ ಕುಳಿತಿರುವ ಚಿತ್ರವನ್ನು ವೃತ್ತಪತ್ರಿಕೆಗಳಲ್ಲಿ ನಮ್ಮ ವಾಚಕರಲ್ಲನೇಕರು ನೋಡಿರಬಹುದು. ಕಳ್ಳನು ಕಾರನ್ನು ಬಿಟ್ಟು ಚಕ್ರಗಳನ್ನು ಮಾತ್ರ ಒಯ್ಯುವುದೇಕೆಂದು ಕೆಲವರು ನಗುವುದುಂಟು. ಅವನ ಲೆಕ್ಕಾಚಾರವೇನೋ ಸರಿಯಾಗಿಯೇ ಇದೆ. ಕಾರಿಗೆ ನೋಂದಣಿಯ ಸಂಖ್ಯೆಯುಂಟು, ಇಂಜಿನ್ನಿಗೊಂದು, ಚಾಸಿಗೊಂದು ಸಂಖ್ಯೆಯುಂಟು. ಚಕ್ರಕ್ಕೆ ಒಡೆಯನ ಗುರುತೆಂಬುದೇ ಇಲ್ಲ. ಒಂದು ಗಾಡಿಯ ಚಕ್ರವು ಅದೇ ಅಳತೆಯ ಬೇರೆ ಹತ್ತು ಗಾಡಿಗಳಿಗೆ ಹೊಂದುತ್ತದೆ. ಅಲಾಯ್ ಚಕ್ರವಾದರೆ ಬೆಲೆಯೂ ಹೆಚ್ಚು.

ಎತ್ತಿನ ಗಾಡಿಯ ಕಾಲದಲ್ಲಿ ಚಕ್ರವನ್ನು ಅಚ್ಚಿನಲ್ಲಿ ತಡೆದು ನಿಲ್ಲಿಸುತ್ತಿದ್ದುದು ಒಂದು ಕಡಾಣಿ. ಅದನ್ನು ಯಾರು ಬೇಕಾದರೂ ಕಿತ್ತೊಗೆಯಬಹುದಾಗಿತ್ತು. ಆದರೂ ನೆರೆಹೊರೆಯವರೆಲ್ಲ ಗುರುತು ಬಲ್ಲ ಚಕ್ರವನ್ನು ಕದ್ದು ಮಾರುವುದೆಲ್ಲಿ? ಇಂದಿನ ಮೋಟಾರಿನಲ್ಲಿ ಕಡಾಣಿಯ ಸ್ಥಾನಕ್ಕೆ ನಾಲ್ಕೋ ಐದೋ ನಟ್ಟುಗಳು ಬಂದಿವೆ. 19 ಅಥವಾ 21 ಮಿಲಿಮೀಟರಿನ ಪಾನಾ ಕೈಯಲ್ಲಿದ್ದರೆ ನಮ್ಮ ಬೀದಿಗಳಲ್ಲಿ ನಿಂತಿರುವ ಕಾರುಗಳಲ್ಲಿ ಬಹುಪಾಲಿನ ನಟ್ಟುಗಳು ಬಿಚ್ಚಿಕೊಳ್ಳುತ್ತವೆ. ಜಾಕೊಂದು, ಇಟ್ಟಿಗೆ ನಾಲ್ಕು, ಕೆಲವು ನಿಮಿಷಗಳ ಕತ್ತಲು, ಇಷ್ಟೇ ಬಂಡವಾಳ.

ಇದಕ್ಕೆ ಇರುವ ಮುಖ್ಯ ಉಪಾಯವು ಬೀಗದ ನಟ್ಟು. ಪ್ರತಿಯೊಂದು ಚಕ್ರದಲ್ಲಿ ಒಂದು ಸಾಧಾರಣ ನಟ್ಟನ್ನು ತೆಗೆದು ಅದರ ಸ್ಥಾನದಲ್ಲಿ ಇದನ್ನು ಹಾಕುತ್ತಾರೆ. ಇದರ ತಲೆಯ ಮೇಲೆ ವಕ್ರವಾದ ಒಂದು ಆಕೃತಿಯನ್ನು ಕೊರೆದಿರುತ್ತದೆ. ಆ ಆಕೃತಿಗೆ ಹೊಂದುವ ಕೀಲಿಯಿಲ್ಲದೆ ಪಾನಾ ಹಿಡಿಯದು. ಚಕ್ರಕ್ಕೆ ಒಂದರಂತೆ ನಾಲ್ಕು ಸಾಕು. ಹೊರಗಿನ ಬಳೆಯು ತನ್ನಷ್ಟಕ್ಕೆ ತಾನೇ ತಿರುಗುವ ಜಾತಿಯದು ಉತ್ತಮ. ಏಕೆಂದರೆ ಬೇರೊಂದು ಪಾನಾವನ್ನು ಸುತ್ತಿಗೆಯಿಂದ ಹೊಡೆದು ಕೂರಿಸಿದರೂ ಬಳೆ ಮಾತ್ರ ಸುತ್ತುವುದೇ ಹೊರತು ನಟ್ಟು ಕದಲದು. ಇದು ಕಳ್ಳನನ್ನು ಪೂರ್ಣವಾಗಿ ತಡೆಯುತ್ತದೆಂದು ನಾವು ಹೇಳುವುದಿಲ್ಲ. ಅವನಿಗೆ ಹೊತ್ತು ಹಿಡಿಸುತ್ತದೆ, ಸದ್ದು ಮಾಡಿಸುತ್ತದೆ. ಅವನಿಗೆ ಬೇಡವಾದುವು ಈ ಎರಡೇ.

ಆದರೆ ಈ ನಟ್ಟಿನಿಂದ ಕಳ್ಳನಿಗಿಂತ ಮನೆಯವರೇ ಹೆಚ್ಚಾಗಿ ಪೇಚಿಗೆ ಸಿಕ್ಕುವುದುಂಟು. ಗಾಡಿಯನ್ನು ದುರಸ್ತಿಗೆ ಬಿಟ್ಟಾಗ ಕೀಲಿಯು ಕಾರ್ಖಾನೆಯಲ್ಲಿಯೇ ಉಳಿದುಬಿಡುತ್ತದೆ. ಆರು ತಿಂಗಳ ಅನಂತರ ನಡುರಾತ್ರಿಯಲ್ಲಿ ಹೆದ್ದಾರಿಯ ಮಧ್ಯೆ ಚಕ್ರ ಪಂಕ್ಚರಾದಾಗ ಅದು ನೆನಪಾಗುತ್ತದೆ. ಕೀಲಿಯನ್ನು ಮನೆಯ ಬೀರುವಿನಲ್ಲಿ ಜೋಪಾನವಾಗಿಟ್ಟವರ ಗತಿಯೂ ಅದೇ. ಅದು ಗಾಡಿಯಲ್ಲಿಯೇ ಇರಬೇಕು, ಆದರೆ ಜಾಕಿನ ಮಗ್ಗುಲಲ್ಲಿ ಬೇಡ, ಕನ್ನಡಿಯ ಕೆಳಗಣ ಪೆಟ್ಟಿಗೆಯಲ್ಲಿಯೂ ಬೇಡವೆಂಬುದು ನಮ್ಮ ಅಭಿಪ್ರಾಯ. ಅದಿರುವ ತಾಣವನ್ನು ಮನೆಯಲ್ಲಿ ಗಾಡಿ ನಡೆಸುವ ಸ್ತ್ರೀಪುರುಷರೆಲ್ಲರೂ ಬಲ್ಲವರಾಗಿರಬೇಕು. ನಟ್ಟಿನೊಡನೆ ಸಂಖ್ಯೆಯ ಚೀಟಿಯೇನಾದರೂ ಬಂದಿದ್ದರೆ ಅದನ್ನು ಮಾತ್ರ ಮನೆಯ ಕಾಗದಪತ್ರಗಳೊಡನೆ ಇಡತಕ್ಕದ್ದು. ಕೀಲಿ ಕಳೆದರೆ ಹೊಸದನ್ನು ತರಿಸಲು ಅದೇ ಆಧಾರ.

ಗಾಡಿಯನ್ನು ನಿಲ್ಲಿಸುವಾಗ ಒಂದು ಮಗ್ಗುಲನ್ನು ಗೋಡೆಗೆ ಒತ್ತಿದಂತೆ ನಿಲ್ಲಿಸಿದರೆ ಆ ಕಡೆಯಲ್ಲಿ ಪಾನಾ ಆಡಿಸಲು ತೆರಪಿರುವುದಿಲ್ಲ. ಬೀದಿದೀಪದ ಬೆಳಕು, ಕ್ಯಾಮರಾದ ಕಣ್ಣು, ಗಾಡಿ ವಾಲಿದರೆ ಕೂಗುವ ಎಚ್ಚರಿಕೆಯ ಯಂತ್ರ, ಇವೆಲ್ಲವೂ ಒಳ್ಳೆಯವೇ.

ಸ್ಟೆಪ್ನಿಯ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಈ ಹೆಸರು ನಮ್ಮ ಪಂಕ್ಚರ್ ಅಂಗಡಿಗಳವರ ಬಾಯಲ್ಲಿ ಕನ್ನಡವೇ ಆಗಿಹೋಗಿದೆಯಾದರೂ ಇದರ ಹುಟ್ಟೂರು ವೇಲ್ಸ್ ದೇಶದ ಲನೆಲ್ಲಿ ಪಟ್ಟಣ. ಅಲ್ಲಿನ ಸ್ಟೆಪ್ನಿ ಎಂಬ ಬೀದಿಯಲ್ಲಿ ಡೇವೀಸ್ ಸಹೋದರರು 1904ರಲ್ಲಿ ಮೋಟಾರಿಗೆ ಹೆಚ್ಚುವರಿ ಚಕ್ರವನ್ನು ಸಿದ್ಧಪಡಿಸಿದರು. ಅದಕ್ಕೆ ಮುಂಚೆ ಸವಾರನು ರಸ್ತೆಯ ಬದಿಯಲ್ಲಿಯೇ ಕುಳಿತು ತೇಪೆ ಹಾಕಬೇಕಾಗಿತ್ತು. ಇನೋವಾ, ಎರ್ಟಿಗಾ ಮೊದಲಾದ ದೊಡ್ಡ ಗಾಡಿಗಳಲ್ಲಿ ಈ ಚಕ್ರವು ಹಿಂಭಾಗದ ತಳದಲ್ಲಿ ತೂಗಿಕೊಂಡಿರುತ್ತದೆ. ಕಾರನ್ನು ಎತ್ತುವ ಶ್ರಮವೂ ಇಲ್ಲದೆ ಇದನ್ನು ಇಳಿಸಿಕೊಳ್ಳಬಹುದು. ಕಳವಾದುದು ಮತ್ತೊಂದು ಚಕ್ರ ಕೈಕೊಡುವವರೆಗೆ ಮನೆಯವರಿಗೆ ತಿಳಿಯುವುದೂ ಇಲ್ಲ. ಇದಕ್ಕೆಂದೇ ಮಾಡಿದ ಬೀಗಗಳು ಅಂಗಡಿಗಳಲ್ಲಿ ದೊರೆಯುತ್ತವೆ. ತಿಂಗಳಿಗೊಮ್ಮೆ ಗಾಳಿ ಹಿಡಿಸುವಾಗ ಬಗ್ಗಿ ನೋಡುವ ಅಭ್ಯಾಸವನ್ನಾದರೂ ಇಟ್ಟುಕೊಳ್ಳಬೇಕು.

ಇಷ್ಟರವರೆಗೆ ಹೇಳಿದುದು ಹಣದ ನಷ್ಟ. ಪ್ರಾಣಕ್ಕೆ ಸಂಬಂಧಿಸಿದ್ದು ಬೇರೆಯಿದೆ. ಕಳ್ಳನು ಮೂರು ನಟ್ಟುಗಳನ್ನು ಸಡಿಲಿಸಿರುವಾಗ ಯಾರೋ ಕೆಮ್ಮುತ್ತಾರೆ, ನಾಯಿ ಬೊಗಳುತ್ತದೆ, ಅವನು ಓಡಿಹೋಗುತ್ತಾನೆ. ಚಕ್ರವು ಸ್ಥಳದಲ್ಲಿಯೇ ಇದೆ. ನೋಡುವವರಿಗೆ ಏನೂ ಆಗಿಲ್ಲ. ಬೆಳಗ್ಗೆ ಮಕ್ಕಳನ್ನು ಶಾಲೆಗೆ ಕರೆದುಕೊಂಡು ಹೋಗುವ ಗೃಹಿಣಿಯು ಆ ಗಾಡಿಯನ್ನು ಹೊರಡಿಸುತ್ತಾಳೆ. ಆದಕಾರಣ ಬೀದಿಯಲ್ಲಿ ಗಾಡಿ ನಿಲ್ಲಿಸುವವರು ಹೊರಡುವ ಮುನ್ನ ನಾಲ್ಕು ಚಕ್ರಗಳನ್ನೂ ಸುತ್ತುಹಾಕಿ ನೋಡತಕ್ಕದ್ದು. ಮುಚ್ಚಳ ಕಳಚಿ ಬಿದ್ದಿದೆಯೇ, ನಟ್ಟಿನ ಮೇಲೆ ಹೊಸ ಗೀರುಗಳಿವೆಯೇ, ಪಕ್ಕದಲ್ಲಿ ಇಟ್ಟಿಗೆ ಬಂದು ಸೇರಿದೆಯೇ? ಸಂಶಯ ಬಂದರೆ ಪಾನಾ ಹಾಕಿ ಪರೀಕ್ಷಿಸಬೇಕು. ಬಿಗಿಯುವಾಗ ಸಾಲಾಗಿ ಬಿಗಿಯದೆ ಎದುರುಬದಿರಿನ ನಟ್ಟುಗಳನ್ನು ಒಂದಾದ ಮೇಲೊಂದರಂತೆ ಬಿಗಿಯತಕ್ಕದ್ದು. ಚಕ್ರವನ್ನು ಯಾವ ಕಾರಣಕ್ಕೆ ಬಿಚ್ಚಿ ಹಾಕಿಸಿದರೂ 50ರಿಂದ 100 ಕಿಲೋಮೀಟರು ಓಡಿದ ಅನಂತರ ಮತ್ತೊಮ್ಮೆ ಬಿಗಿ ನೋಡಿಸುವುದು ಕ್ಷೇಮ. ಮೆಲ್ಲನೆ ಹೋಗುವಾಗ ಟಕ್ ಟಕ್ ಎಂಬ ಸದ್ದು ಕೇಳಿದರೆ, ಸ್ಟೀರಿಂಗು ನಡುಗಿದರೆ, ಮನೆ ಮುಟ್ಟಿದ ಮೇಲೆ ನೋಡೋಣವೆನ್ನದೆ ಅಲ್ಲಿಯೇ ನಿಲ್ಲಿಸಬೇಕು.

ಕಳವೇ ಆಗಿಹೋಗಿದ್ದರೆ ಇಟ್ಟಿಗೆಯ ಮೇಲಿರುವ ಗಾಡಿಯ ಬಳಿಗೆ ಮಕ್ಕಳನ್ನು ಬಿಡಬಾರದು, ತಾವೂ ಅದರ ಕೆಳಗೆ ಕೈಯಿಡಬಾರದು. ಅದು ಯಾವ ಗಳಿಗೆಯಲ್ಲಿಯೂ ಜಾರಬಹುದು. ಚಿತ್ರ ತೆಗೆದುಕೊಂಡು ಪೋಲೀಸು ಠಾಣೆಯಲ್ಲಿ ದೂರು ಕೊಡತಕ್ಕದ್ದು. ದಾಖಲೆಯ ನಕಲನ್ನು ದೂರುಕೊಟ್ಟವರಿಗೆ ಉಚಿತವಾಗಿ ಕೊಡಬೇಕೆಂಬುದು ಕಾನೂನು. ಮೂರನೆಯವರ ನಷ್ಟಕ್ಕೆ ಮಾತ್ರ ವಿಮೆ ಮಾಡಿಸಿರುವವರಿಗೆ ಇದರಲ್ಲಿ ಬಿಡಿಗಾಸೂ ಬಾರದು. ಪೂರ್ಣ ವಿಮೆಯುಳ್ಳವರೂ ಟೈರುಗಳಿಗೆ ಸವಕಳಿಯೆಂದು ಶೇಕಡಾ 50ರಷ್ಟು ಕಳೆಯುತ್ತಾರೆಂಬುದನ್ನು ತಿಳಿದಿರಬೇಕು. ಮೇಲಾಗಿ ಪರಿಹಾರ ಕೇಳದವರಿಗೆ ಮೊದಲ ವರ್ಷ ಶೇಕಡಾ 20ರಿಂದ ತೊಡಗಿ ಐದು ವರ್ಷಗಳಲ್ಲಿ 50ರವರೆಗೆ ಏರುವ ರಿಯಾಯಿತಿಯು ಕೈತಪ್ಪುವುದುಂಟು. ಒಂದು ಸ್ಟೆಪ್ನಿಗಾಗಿ ಅರ್ಜಿ ಹಾಕುವ ಮೊದಲು ಈ ಲೆಕ್ಕವನ್ನು ಮಾಡಿ ನೋಡುವುದು ಲೇಸು.

ಹೋದ ಚಕ್ರದ ಬದಲಿಗೆ ಅಗ್ಗದಲ್ಲಿ ಹಳೆಯದೊಂದನ್ನು ತರೋಣವೆಂದು ಕೆಲವರಿಗೆ ತೋರುವುದು ಸಹಜ. ಅದು ಇನ್ನೊಬ್ಬರ ಮನೆಯ ಮುಂದಿನಿಂದ ಬಂದದ್ದಾಗಿರಬಹುದು. ಕಳವಿನ ಮಾಲೆಂದು ತಿಳಿದು, ಅಥವಾ ಹಾಗೆ ನಂಬಲು ಕಾರಣವಿದ್ದೂ, ಅಪ್ರಾಮಾಣಿಕವಾಗಿ ಅದನ್ನು ಪಡೆಯುವುದು 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 317ನೆಯ ಕಲಮಿನಂತೆ ಮೂರು ವರ್ಷಗಳವರೆಗೆ ಸೆರೆವಾಸಕ್ಕೆ ಗುರಿಮಾಡುವ ಅಪರಾಧ. ಟೈರಿನ ಪಾರ್ಶ್ವದಲ್ಲಿ ನಾಲ್ಕು ಅಂಕಿಗಳ ಒಂದು ಗುರುತಿರುತ್ತದೆ. 2319 ಎಂದಿದ್ದರೆ 2019ನೆಯ ವರ್ಷದ 23ನೆಯ ವಾರದಲ್ಲಿ ಅದು ತಯಾರಾಯಿತೆಂದರ್ಥ. ಕೊಳ್ಳುವವರು ಅದನ್ನು ಓದಿ, ರಸೀತಿಯನ್ನು ಕೇಳಿ ಪಡೆಯಬೇಕು. ರಸೀತಿಯೆಂದೊಡನೆ ಅಂಗಡಿಯವನು ಮಾತು ತಿರುಗಿಸಿದರೆ ಅಲ್ಲಿಂದ ಎದ್ದುಬರತಕ್ಕದ್ದು.