ಹೊಳಪಿಗೂ ಅಳತೆ ಬೇಕು

ನಮ್ಮೂರ ಅಣ್ಣಂದಿರು ಕೆಲವರು ವೈಟ್‌ಫೀಲ್ಡ್, ಪೀಣ್ಯ ಕಡೆ ಕಾರು ಪಾಲಿಶ್ ಕೆಲಸಕ್ಕೆ ಹೋಗ್ತಾರೆ. ಪಾಲಿಶ್ ಜಾಸ್ತಿ ಹಾಕಿದರೆ ಹೊಳಪೂ ಜಾಸ್ತಿ ಎಂದು ಬಹಳ ಜನ ತಿಳಿದಿದ್ದಾರೆ. ಇದು ತಪ್ಪು. ಜಾಸ್ತಿಯಾದರೆ ಮೆಷಿನ್ನಿನ ಪ್ಯಾಡ್ ಮೆತ್ತಿಕೊಂಡು ಜಾರುತ್ತೆ, ಪಾಲಿಶ್ ಸುತ್ತ ಸಿಡಿಯುತ್ತೆ, ಗೀರು ಮಾತ್ರ ಹೋಗಲ್ಲ. ತೀರಾ ಕಮ್ಮಿಯಾದರೆ ಒಣ ಪ್ಯಾಡ್ ಉಜ್ಜಿ ಬಣ್ಣ ಕಾಯುತ್ತೆ. ಬಣ್ಣದ ಮೇಲಿನ ಕ್ಲಿಯರ್ ಕೋಟ್ ಸಾಮಾನ್ಯವಾಗಿ ತಲೆಕೂದಲಿಗಿಂತ ತೆಳು. ಸವೆದರೆ ಮತ್ತೆ ಬಾರದು. ಆಗ ಬೈಗುಳ ಬೀಳುವುದು ಕೆಲಸದ ಹುಡುಗನಿಗೇ.

ಹೊಸ ಪ್ಯಾಡಿಗೆ ಮೊದಲು ಪಾಲಿಶ್ ಸವರಿ ಹದ ಮಾಡಬೇಕು. ಆಮೇಲೆ ಸುಮಾರು 2 ಅಡಿ ಉದ್ದಗಲದ ಜಾಗಕ್ಕೆ ಬಟಾಣಿ ಗಾತ್ರದ 3-4 ಬೊಟ್ಟು ಸಾಕು. ಸುರಿಯೋದು ಯಾರಿಗೂ ಬರುತ್ತೆ. ಅಳತೆ ಬಲ್ಲವನೇ ಕೆಲಸಗಾರ. ನೀವೇನಂತೀರಿ?