ಹುದ್‌ಹುದ್ ನಮ್ಮ ಬೀದಿಯಲ್ಲೇ ಇದೆ

ಕಳೆದ ಚಳಿಗಾಲದ ಒಂದು ಬೆಳಿಗ್ಗೆ ಒಂಬತ್ತು ವರ್ಷದ ಮಗಳನ್ನು ಮದ್ರಸಕ್ಕೆ ಬಿಡಲು ನಡೆದು ಹೋಗುತ್ತಿದ್ದೆ. ದಾವಣಗೆರೆಯ ನಮ್ಮ ಬಡಾವಣೆಯಲ್ಲಿ ಮನೆಗೂ ಮಸೀದಿಗೂ ನಡುವೆ ಒಂದು ಖಾಲಿ ನಿವೇಶನವಿದೆ. ಅಲ್ಲಿನ ಗಿಡ್ಡ ಹುಲ್ಲಿನಲ್ಲಿ ಮಣ್ಣಿನ ಬಣ್ಣದ ಒಂದು ಹಕ್ಕಿ ಓಡಾಡುತ್ತ, ತುಸು ಬಾಗಿದ ಉದ್ದನೆಯ ಕೊಕ್ಕನ್ನು ನೆಲಕ್ಕೆ ಚುಚ್ಚಿ ಹುಳು ಹೆಕ್ಕುತ್ತಿತ್ತು. ರೆಕ್ಕೆಗಳ ಮೇಲೆ ಕಪ್ಪು ಬಿಳುಪಿನ ಪಟ್ಟೆ. ನಾವು ನಿಂತದ್ದನ್ನು ಕಂಡು ಅದು ತಲೆಯೆತ್ತಿತು. ಮಡಚಿಟ್ಟಿದ್ದ ಜುಟ್ಟು ಬೀಸಣಿಗೆಯಂತೆ ಬಿಚ್ಚಿಕೊಂಡಿತು.

“ಅಬ್ಬಾ, ಕಿರೀಟ!” ಎಂದಳು ಮಗಳು.

“ಇದು ಯಾರು ಗೊತ್ತೇನಮ್ಮ? ಹುದ್‌ಹುದ್.”

ಅವಳು ನಂಬಲಿಲ್ಲ. ಪ್ರವಾದಿ ಸುಲೈಮಾನ್(ಅ)ರಿಗೆ ಸಬಾ ನಾಡಿನ ಸುದ್ದಿ ತಂದ ಹಕ್ಕಿಯ ಕಥೆಯನ್ನು ಆ ವಾರವಷ್ಟೇ ಮದ್ರಸದಲ್ಲಿ ಕೇಳಿ ಬಂದು ನನಗೆ ಒಪ್ಪಿಸಿದ್ದಳು. ಅವಳ ಲೆಕ್ಕದಲ್ಲಿ ಹುದ್‌ಹುದ್ ಎಂಬುದು ನೂಹ್(ಅ)ರ ನಾವೆಯಂತೆ, ಮೂಸಾ(ಅ)ರ ಕೋಲಿನಂತೆ, ಎಂದೋ ಇದ್ದು ಹೋದ ಸಂಗತಿ. “ಅದು ಇನ್ನೂ ಇದೆಯಾ ಅಬ್ಬಾ?” ಎಂದು ಕೇಳಿದಳು.

ನಗು ಬಂತು. ಆದರೆ ನಗುವಂತಿರಲಿಲ್ಲ. ಕನ್ನಡದಲ್ಲಿ ಚಂದ್ರಮುಕುಟವೆಂದು ಕರೆಯಲ್ಪಡುವ ಈ ಹಕ್ಕಿಯೇ ಹುದ್‌ಹುದ್ ಎಂದು ನನಗೆ ತಿಳಿದದ್ದು ಮೂವತ್ತು ದಾಟಿದ ಮೇಲೆ, ಅದೂ ಹಕ್ಕಿಗಳ ಗೀಳು ಹಿಡಿದಿದ್ದ ಸಹೋದ್ಯೋಗಿಯೊಬ್ಬರು ಕಚೇರಿಯ ಹಿಂದಿನ ಬಯಲಿನಲ್ಲಿ ತೋರಿಸಿದ್ದರಿಂದ. ಅದಕ್ಕೆ ಮೊದಲು ಎಷ್ಟು ಸಲ ಆ ಹಕ್ಕಿಯ ಪಕ್ಕದಲ್ಲೇ ಹಾದು ಹೋಗಿದ್ದೆನೋ! ‘ಅನ್ನಮ್ಲ್’ ಅಧ್ಯಾಯವನ್ನು ಅರ್ಥಸಹಿತ ಓದಿದ್ದೆ, ಪ್ರವಚನಗಳಲ್ಲಿ ಕೇಳಿದ್ದೆ. ಕಥೆ ಕಂಠಪಾಠವಾಗಿತ್ತು, ಹಕ್ಕಿ ಮಾತ್ರ ಕಂಡಿರಲಿಲ್ಲ.

ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಆಗುತ್ತಿರುವುದೂ ಇದೇ ಎಂದು ನನಗನ್ನಿಸುತ್ತದೆ. ಪವಿತ್ರ ಕುರ್‌ಆನ್ ಹಕ್ಕಿಗಳನ್ನು ಹಲವೆಡೆ ಪ್ರಸ್ತಾಪಿಸುತ್ತದೆ. ತಲೆಯ ಮೇಲೆ ರೆಕ್ಕೆ ಹರಡುತ್ತ, ಮಡಚುತ್ತ ಸಾಗುವ ಹಕ್ಕಿಗಳನ್ನು ಅವರು ನೋಡುವುದಿಲ್ಲವೇ ಎಂದು 67ನೇ ಅಧ್ಯಾಯದಲ್ಲಿ ಕೇಳಲಾಗಿದೆ. ಅಲ್ಲಿರುವುದು ನೋಡುವ ಮಾತು, ಓದುವ ಮಾತಲ್ಲ. ನಾವು ಆ ಸೂಕ್ತವನ್ನು ಓದುತ್ತೇವೆ, ವ್ಯಾಖ್ಯಾನ ಕೇಳುತ್ತೇವೆ, ‘ಸುಬ್‌ಹಾನಲ್ಲಾಹ್’ ಎನ್ನುತ್ತೇವೆ. ಕತ್ತೆತ್ತಿ ನೋಡುವ ಕೆಲಸವೊಂದು ಬಾಕಿ ಉಳಿಯುತ್ತದೆ. ಹಕ್ಕಿಯನ್ನು ಉದಾಹರಣೆಯನ್ನಾಗಿ ಬಳಸಿಕೊಂಡು ಪಾಠದ ಕಡೆಗೆ ಧಾವಿಸುವ ಅವಸರ ನಮ್ಮ ಬರಹಗಾರರಲ್ಲೂ ಇದೆ, ನನ್ನಲ್ಲೂ ಇದೆ. ಪಾಠ ಎಲ್ಲಿಗೂ ಓಡಿ ಹೋಗುವುದಿಲ್ಲ. ಹಕ್ಕಿ ಹಾರಿ ಹೋಗುತ್ತದೆ.

ಹಕ್ಕಿ ನೋಡುವುದೆಂದರೆ ದುರ್ಬೀನು, ದುಬಾರಿ ಕ್ಯಾಮೆರಾ, ಕಾಡಿನ ಪ್ರವಾಸ ಎಂಬ ಭಾವನೆ ಹಲವರಲ್ಲಿದೆ. ಅವೆಲ್ಲ ಇದ್ದರೆ ಒಳ್ಳೆಯದೇ. ಆದರೆ ನನ್ನ ಸಂತೋಷದ ಬಹುಪಾಲು ಬಂದಿರುವುದು ಅಡುಗೆಮನೆಯ ಕಿಟಕಿಯಿಂದ. ನಮ್ಮ ಕಾಂಪೌಂಡಿನ ನಿಂಬೆ ಗಿಡದಲ್ಲಿ ಒಂದು ವರ್ಷ ಸಿಂಪಿಗ ಹಕ್ಕಿ ಗೂಡು ಕಟ್ಟಿತು. ಹೆಬ್ಬೆರಳಿಗಿಂತ ತುಸು ದೊಡ್ಡದಾದ, ಬಾಲ ಸದಾ ನಿಮಿರಿಸಿಕೊಂಡಿರುವ ಹಕ್ಕಿ. ಅದು ಎಲೆಯ ಅಂಚುಗಳಲ್ಲಿ ಕೊಕ್ಕಿನಿಂದ ತೂತು ಮಾಡಿ, ನಾರನ್ನೂ ಜೇಡರ ಬಲೆಯ ಎಳೆಯನ್ನೂ ತೂರಿಸಿ, ಎಲೆಗಳನ್ನು ಹೊಲಿದು ಚೀಲ ಮಾಡುತ್ತದೆ. ನನ್ನ ಅಮ್ಮಿ ಐವತ್ತು ವರ್ಷ ಹೊಲಿಗೆ ಯಂತ್ರ ತುಳಿದವರು. ಕನ್ನಡಕ ಸರಿಪಡಿಸಿಕೊಂಡು ಬಹಳ ಹೊತ್ತು ನೋಡಿದ ಅವರು, “ಹೊಲಿಗೆ ಸಡಿಲವಾಗಿದೆ, ಆದರೆ ಬಿಚ್ಚುವುದಿಲ್ಲ” ಎಂದು ತೀರ್ಪು ಕೊಟ್ಟರು. ಮರಿಗಳಾದ ಮೇಲೆ ಒಂದು ದಿನ ಕುಳಿತು ಎಣಿಸಿದೆವು: ಅರ್ಧ ಗಂಟೆಯಲ್ಲಿ 11 ಸಲ ತಂದೆತಾಯಿ ಹಕ್ಕಿಗಳು ಹುಳು ತಂದವು.

ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹೊರಟು ಸಂಜೆ ತುಂಬಿದ ಹೊಟ್ಟೆಯಲ್ಲಿ ಮರಳುವ ಹಕ್ಕಿಗಳ ಕುರಿತು ತಿರ್ಮಿದಿಯಲ್ಲಿರುವ ಪ್ರವಾದಿವಚನ(ಸ) ಎಲ್ಲರಿಗೂ ಗೊತ್ತು. ತವಕ್ಕುಲ್ ಅಂದರೆ ಸುಮ್ಮನೆ ಕೂರುವುದು ಎಂದು ಅದನ್ನು ಅರ್ಥ ಮಾಡಿಕೊಂಡವರನ್ನೂ ಕಂಡಿದ್ದೇನೆ. ಅಂಥವರು ಆ ನಿಂಬೆ ಗಿಡದ ಎದುರು ಅರ್ಧ ಗಂಟೆ ಕುಳಿತಿರಬೇಕಿತ್ತು.

ನಮ್ಮ ಕಿವಿಗೂ ಇದೇ ಗತಿಯಾಗಿದೆ. ವಸಂತದಲ್ಲಿ ಕೋಗಿಲೆಯ ಕೂಗನ್ನು ಕೇಳದವರಿಲ್ಲ. ಆದರೆ ಆ ಕುಹೂ ಸ್ವರ ಕೆಂಗಣ್ಣಿನ ಕಪ್ಪು ಗಂಡಿನದೆಂದೂ, ಹೆಣ್ಣು ಕೋಗಿಲೆ ಕಂದು ಮೈಯ ಮೇಲೆ ಬಿಳಿ ಚುಕ್ಕೆಗಳುಳ್ಳ ಬೇರೆಯೇ ರೂಪದ್ದೆಂದೂ ಎಷ್ಟು ಜನರಿಗೆ ಗೊತ್ತು? ಅದನ್ನು ಗಿಡುಗ ಎಂದು ಭಾವಿಸಿ ಓಡಿಸಲು ಹೊರಟವರು ನಮ್ಮ ಬೀದಿಯಲ್ಲೇ ಇದ್ದಾರೆ. ಮಡಿವಾಳ ಹಕ್ಕಿಯಂತೂ ಬೇಸಿಗೆಯಲ್ಲಿ ಫಜ್ರ್ ಅಝಾನಿನ ಸುಮಾರಿಗೇ ವಿದ್ಯುತ್ ತಂತಿಯ ಮೇಲೆ ಕುಳಿತು ಹಾಡಲು ಶುರು ಮಾಡುತ್ತದೆ. ಮಸೀದಿಗೆ ನಡೆದು ಹೋಗುವವರಿಗೆ ಅದು ಉಚಿತ. ಬೈಕ್ ಏರಿ ಹೋಗುವವರಿಗೆ ಕೇಳಿಸದು. ಕರಾವಳಿಯ ಓದುಗರಿಗೆ ಇನ್ನೊಂದು ಭಾಗ್ಯವಿದೆ. ನವರಂಗವೆಂಬ ಹಕ್ಕಿ ಚಳಿಗಾಲ ಕಳೆಯಲು ಉತ್ತರದಿಂದ ಅಲ್ಲಿಗೆ ಬರುತ್ತದೆ. ರಾತ್ರಿಯಿಡೀ ಹಾರಿ ದಣಿದು ಮನೆಯೊಳಗೆ, ಜಗಲಿಯಲ್ಲಿ ಬಿದ್ದು ಸಿಕ್ಕುವುದೂ ಉಂಟು. ಮುಂಜಾನೆ ಮತ್ತು ಮುಸ್ಸಂಜೆಯ ಹೊತ್ತಿಗೆ ಸಿಳ್ಳೆ ಹಾಕುವ ಅದನ್ನು ತಮಿಳರು ‘ಆರು ಗಂಟೆಯ ಹಕ್ಕಿ’ ಎಂಬರ್ಥದ ಹೆಸರಿನಿಂದ ಕರೆಯುತ್ತಾರೆ. ಫಜ್ರ್ ಮತ್ತು ಮಗ್ರಿಬ್‌ನ ಸಮಯ ಪಾಲಿಸುವ ಮನೆಗಳಿಗೆ ಅದು ಹತ್ತಿರದ ಸಂಬಂಧಿಯಂತೆ ತೋರಬೇಕು.

ಭಾರತದಲ್ಲಿ ಹಕ್ಕಿ ನೋಡುವುದನ್ನು ಜನಸಾಮಾನ್ಯರಿಗೆ ಕಲಿಸಿದವರು ಸಲೀಂ ಅಲಿ. 1896ರಲ್ಲಿ ಮುಂಬಯಿಯ ಮುಸ್ಲಿಂ ಕುಟುಂಬವೊಂದರಲ್ಲಿ ಹುಟ್ಟಿ, ಎಳವೆಯಲ್ಲೇ ತಂದೆತಾಯಿಯನ್ನು ಕಳೆದುಕೊಂಡು ಸೋದರಮಾವ ಅಮೀರುದ್ದೀನ್ ತಯ್ಯಬ್ಜಿಯವರ ಆಶ್ರಯದಲ್ಲಿ ಬೆಳೆದವರು. ಬಾಲಕನಾಗಿದ್ದಾಗ ಏರ್‌ಗನ್ನಿನಿಂದ ಒಂದು ಗುಬ್ಬಿಯನ್ನು ಹೊಡೆದರು. ನೋಡಿದರೆ ಅದರ ಕೊರಳಿನ ಮೇಲೆ ಹಳದಿ ಕಲೆ. ಇಂಥ ಹಕ್ಕಿಯನ್ನು ಮುಸ್ಲಿಮನೊಬ್ಬ ತಿನ್ನಬಹುದೇ ಎಂಬ ಸಂಶಯ ಹುಡುಗನಿಗೆ ಬಂತೆಂದು ಅವರು ತಮ್ಮ ಆತ್ಮಕಥೆಯಲ್ಲಿ ನೆನಪಿಸಿಕೊಂಡಿದ್ದಾರೆ. ಮಾವನಿಗೂ ಅದು ಯಾವ ಹಕ್ಕಿಯೆಂದು ತಿಳಿಯಲಿಲ್ಲ. ಅವರು ಹುಡುಗನನ್ನು ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕಾರ್ಯದರ್ಶಿ ಮಿಲ್ಲಾರ್ಡ್ ಅವರ ಬಳಿಗೆ ಕಳುಹಿಸಿದರು. ಅವರು ಹಕ್ಕಿಯ ಹೆಸರು ಹೇಳಿದ್ದಲ್ಲದೆ, ಸೊಸೈಟಿಯ ಸಂಗ್ರಹವನ್ನೂ ತೋರಿಸಿದರು. ಹಲಾಲೋ ಹರಾಮೋ ಎಂದು ಕೇಳಹೊರಟ ಒಂದು ಪ್ರಶ್ನೆ ಇಡೀ ದೇಶದ ಪಕ್ಷಿಶಾಸ್ತ್ರಕ್ಕೆ ಬಾಗಿಲು ತೆರೆಯಿತು.

ಸಲೀಂ ಅಲಿಯವರನ್ನು ಧರ್ಮಬೋಧಕರನ್ನಾಗಿ ಚಿತ್ರಿಸುವ ಅಗತ್ಯವಿಲ್ಲ, ಅವರು ಹಾಗಿರಲೂ ಇಲ್ಲ. ನನಗೆ ಅವರಲ್ಲಿ ಮೆಚ್ಚಿಕೆಯಾಗುವುದು ಬೇರೆಯೇ ಸಂಗತಿ. ನೌಕರಿ ಇಲ್ಲದೆ 1930ರ ಸುಮಾರಿಗೆ ಅವರು ಮುಂಬಯಿ ಸಮೀಪದ ಕಿಹಿಂ ಎಂಬ ಕಡಲತೀರದ ಹಳ್ಳಿಯಲ್ಲಿ ಉಳಿದುಕೊಂಡಿದ್ದರು. ಮನೆಯ ಬಳಿಯ ಮರದಲ್ಲಿ ಗೀಜಗಗಳು ಗೂಡು ಕಟ್ಟುತ್ತಿದ್ದವು. ಅವರು ಕುಳಿತು ನೋಡಿದರು, ಬರೆದಿಟ್ಟರು. ಗಂಡು ಗೀಜಗ ಗೂಡನ್ನು ಅರ್ಧ ಹೆಣೆದು ಕಾಯುತ್ತದೆ, ಹೆಣ್ಣು ಬಂದು ಪರೀಕ್ಷಿಸುತ್ತದೆ, ಒಪ್ಪಿದರಷ್ಟೇ ಉಳಿದರ್ಧ ಪೂರ್ಣವಾಗುತ್ತದೆ. ಬಳಿಕ ಗಂಡು ಮತ್ತೊಂದು ಗೂಡು ಶುರು ಮಾಡುತ್ತದೆ. ಅವರಿಗೆ ಹೆಸರು ತಂದ ಈ ಅಧ್ಯಯನ ನಡೆದದ್ದು ಯಾವ ದಟ್ಟ ಕಾಡಿನಲ್ಲೂ ಅಲ್ಲ. ಮುಂದೆ ಅವರು ಅಂದಿನ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದರು. ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾದದ್ದು ಅವರ ಒತ್ತಾಸೆಯಿಂದ. ನಾವು ರಜೆಯಲ್ಲಿ ಮಕ್ಕಳನ್ನು ಅಲ್ಲಿಗೆ ದೋಣಿಯಲ್ಲಿ ಕೂರಿಸಿಕೊಂಡು ಹೋಗಿ ಬರುತ್ತೇವೆ.

ಇಷ್ಟು ಬರೆದ ಮೇಲೆ ಗಿಳಿಯ ವಿಷಯವನ್ನು ಹೇಳದಿರಲಾರೆ. ಹಕ್ಕಿಗಳ ಮೇಲೆ ನಮ್ಮವರಿಗೆ ಪ್ರೀತಿ ಇಲ್ಲವೆಂದಲ್ಲ, ಆ ಪ್ರೀತಿ ಬಹುಮಟ್ಟಿಗೆ ಪಂಜರದ ರೂಪದಲ್ಲಿದೆ. ನಾನು ಎಂಟು ವರ್ಷದವನಿದ್ದಾಗ ಅಬ್ಬಾ ಸಂತೆಯಿಂದ ಒಂದು ಗಿಳಿಮರಿ ತಂದುಕೊಟ್ಟಿದ್ದರು. ರೆಕ್ಕೆ ಕತ್ತರಿಸಿದ್ದ ಹಕ್ಕಿ. ಅದಕ್ಕೆ ಸಲಾಂ ಹೇಳಲು ಕಲಿಸಬೇಕೆಂದು ಹಟ ಹಿಡಿದಿದ್ದೆ. ಸಂಜೆ ಹೊತ್ತು ಗಿಳಿಗಳ ಹಿಂಡು ಕಿರುಚುತ್ತ ಮನೆಯ ಮೇಲೆ ಹಾದು ಹೋದಾಗ ಅದು ಸರಳಿಗೆ ಅಂಟಿಕೊಂಡು ಕೂಗುತ್ತಿತ್ತು. ಅದು ಸಂತೋಷದ ಕೂಗೆಂದು ನಾವು ತಿಳಿದಿದ್ದೆವು. ಮೂರು ತಿಂಗಳೂ ಬದುಕಲಿಲ್ಲ.

ಪಂಜರದ ಮಾತೆತ್ತಿದಾಗ ಹಿರಿಯರೊಬ್ಬರು ಅಬೂ ಉಮೈರ್‌ರ ಹದೀಸನ್ನು ನನ್ನ ಮುಂದಿಟ್ಟರು. ಅನಸ್(ರ)ರ ಪುಟ್ಟ ತಮ್ಮನ ಬಳಿ ಒಂದು ಸಣ್ಣ ಹಕ್ಕಿ ಇತ್ತು. ಅದು ಸತ್ತಾಗ ಪ್ರವಾದಿ(ಸ) ಆ ಮಗುವನ್ನು ಪ್ರೀತಿಯಿಂದ ಮಾತನಾಡಿಸಿ ಹಕ್ಕಿಯ ಬಗ್ಗೆ ವಿಚಾರಿಸಿದ್ದರು. ಸರಿಯಾಗಿ ನೋಡಿಕೊಳ್ಳುವುದಾದರೆ ಹಕ್ಕಿ ಸಾಕಬಹುದೆಂದು ವಿದ್ವಾಂಸರು ಇದರಿಂದ ನಿರ್ಣಯಿಸಿದ್ದಾರೆ. ಆ ನಿರ್ಣಯದ ಬಗ್ಗೆ ನನ್ನ ತಕರಾರಿಲ್ಲ. ಆದರೆ ಅಬೂದಾವೂದ್‌ನಲ್ಲಿ ಇನ್ನೊಂದು ಪ್ರಸಂಗವಿದೆ. ಪ್ರಯಾಣದ ನಡುವೆ ಸಂಗಾತಿಗಳು ಒಂದು ಹಕ್ಕಿಯ ಎರಡು ಮರಿಗಳನ್ನು ಎತ್ತಿಕೊಂಡರು. ತಾಯಿ ಹಕ್ಕಿ ರೆಕ್ಕೆ ಬಡಿಯುತ್ತ ಸುತ್ತತೊಡಗಿತು. ಪ್ರವಾದಿ(ಸ) ಅದನ್ನು ಕಂಡು, ಅದರ ಮರಿಗಳಿಂದ ಅದನ್ನು ನೋಯಿಸಿದವರು ಯಾರೆಂದು ಕೇಳಿ, ಮರಿಗಳನ್ನು ಹಿಂದಿರುಗಿಸಲು ಆಜ್ಞಾಪಿಸಿದರು. ಸಂತೆಯ ಗಿಳಿಮರಿ ಯಾವುದೋ ಮರದ ಪೊಟರೆಯಿಂದ ಕದ್ದು ತಂದದ್ದೇ ಆಗಿರುತ್ತದೆ. ಅದರ ತಾಯಿಯ ರೆಕ್ಕೆಬಡಿತ ನಮಗೆ ಕಾಣಿಸುವುದಿಲ್ಲ, ಅಷ್ಟೇ. ನೆಲದ ಕಾನೂನೂ ಇದನ್ನೇ ಹೇಳುತ್ತದೆ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ಕಾಡುಗಿಳಿಗಳನ್ನು ಹಿಡಿಯುವುದು, ಮಾರುವುದು, ಪಂಜರದಲ್ಲಿಡುವುದು ಅಪರಾಧ. ಮಗಳು ಕೂಡ ಗಿಳಿ ಬೇಕೆಂದು ಕೇಳಿದ್ದಳು. ತಾರಸಿಯ ಮೇಲೆ ಮಣ್ಣಿನ ತಟ್ಟೆಯಲ್ಲಿ ನೀರಿಟ್ಟೆವು. ಮೊದಲ ವಾರ ಕಾಗೆಗಳಷ್ಟೇ ಬಂದವು, ಅವಳು ಮುನಿಸಿಕೊಂಡಳು. ಆಮೇಲೆ ಪಿಕಳಾರ ಬಂತು, ಗೊರವಂಕ ಬಂತು. ಗಿಳಿ ಈವರೆಗೆ ತಟ್ಟೆಗೆ ಬಂದಿಲ್ಲ. ಎದುರು ಮನೆಯ ಪೇರಲ ಮರಕ್ಕೆ ಬರುತ್ತದೆ.

ಇನ್ನು, ಈ ಲೇಖನ ಬರೆಯಲು ನಿಜವಾದ ಕಾರಣ. ನಮ್ಮ ಹಳೆಯ ಮಸೀದಿಯಲ್ಲಿ ವುಝೂ ಮಾಡಲು ಹೌಝ್ ಇತ್ತು. ಅದರ ಕಟ್ಟೆಯ ಮೇಲೆ ಸಾಲಾಗಿ ಗುಬ್ಬಚ್ಚಿಗಳು ನೀರು ಕುಡಿಯುತ್ತಿದ್ದವು. ನವೀಕರಣದಲ್ಲಿ ಹೌಝ್ ಹೋಗಿ ನಲ್ಲಿಗಳು ಬಂದವು. ಗುಬ್ಬಚ್ಚಿಗಳು ಯಾವಾಗ ಬರುವುದನ್ನು ನಿಲ್ಲಿಸಿದವೆಂದು ಜಮಾಅತಿನಲ್ಲಿ ಒಬ್ಬರಿಗೂ ನೆನಪಿಲ್ಲ. ಸುಲೈಮಾನ್(ಅ) ಹಕ್ಕಿಗಳ ಸಮೂಹವನ್ನು ಪರಿಶೀಲಿಸಿದಾಗ ಅಷ್ಟರಲ್ಲಿ ಒಂದು ಹಕ್ಕಿ ಇಲ್ಲದಿರುವುದು ಅವರ ಗಮನಕ್ಕೆ ಬಂದಿತ್ತು. ನಮಗೆ ಇಡೀ ಹಿಂಡೇ ಮಾಯವಾದದ್ದು ತಿಳಿಯಲಿಲ್ಲ.

ಈಗ ಖಬರಸ್ಥಾನದ ಸರದಿ. ಊರಿನ ಆ ಭಾಗದಲ್ಲಿ ಹಳೆಯ ಬೇವು, ಹುಣಸೆ ಮರಗಳು ಉಳಿದಿರುವುದು ಅಲ್ಲಿ ಮಾತ್ರ. ನಾನು ಅಲ್ಲಿ ಮರಕುಟಿಗ, ಕುಟ್ರುಹಕ್ಕಿ, ಹಾಲಕ್ಕಿ, ಕಾಜಾಣಗಳನ್ನು ಕಂಡಿದ್ದೇನೆ. ಕಳಿಂಗ ಹಕ್ಕಿಯನ್ನೂ ಕಂಡಿದ್ದೇನೆ. ಹುದ್‌ಹುದ್‌ನ ಜೊತೆಗೆ, ಕೊಲ್ಲಬಾರದೆಂದು ಪ್ರವಾದಿ(ಸ) ಹೆಸರಿಸಿದ ‘ಸುರದ್’ ಈ ಜಾತಿಯ ಹಕ್ಕಿಯೇ ಎಂದು ಸಾಮಾನ್ಯವಾಗಿ ಅರ್ಥೈಸಲಾಗುತ್ತದೆ. ಅಲ್ಲಿನ ಪೊದೆಗಳನ್ನು ತೆಗೆದು, ಕಾಲುದಾರಿಯಷ್ಟೇ ಅಲ್ಲದೆ ಅಂಚಿನ ಬಯಲಿಗೂ ಇಂಟರ್‌ಲಾಕ್ ಕಲ್ಲು ಹಾಸುವ, ಎಲೆ ಉದುರಿಸುವ ಎರಡು ಮರಗಳನ್ನು ಕಡಿಯುವ ಪ್ರಸ್ತಾಪ ಸಮಿತಿಯ ಮುಂದಿದೆ. ಉದ್ದೇಶ ಸ್ವಚ್ಛತೆ, ಅವರ ನಿಯ್ಯತ್ತಿನ ಬಗ್ಗೆ ನನಗೆ ಸಂಶಯವಿಲ್ಲ. ಮಳೆಗಾಲದಲ್ಲಿ ಜನಾಝಾ ಹೊತ್ತು ಕೆಸರಿನಲ್ಲಿ ನಡೆಯುವ ಕಷ್ಟವನ್ನು ನಾನೂ ಅನುಭವಿಸಿದ್ದೇನೆ. ದಾರಿಗೆ ಕಲ್ಲು ಹಾಕಲಿ. ಬಯಲನ್ನೂ ಮರಗಳನ್ನೂ ಬಿಡಲಿ ಎಂಬುದಷ್ಟೇ ನನ್ನ ವಿನಂತಿ. ಕಳೆದ ಸಭೆಯಲ್ಲಿ ಇದನ್ನು ಹೇಳಿದಾಗ ಒಬ್ಬರು, “ಹಕ್ಕಿಗಳಿಗೆ ಬೇರೆ ಜಾಗವಿಲ್ಲವೇನ್ರಿ?” ಎಂದರು. ಕೆಲವರು ನಕ್ಕರು. ಇಮಾಮ್ ಸಾಹೇಬರು ನಗಲಿಲ್ಲ. ಮುಂದಿನ ಸಭೆಗೆ ಮುನ್ನ ಒಂದು ಬೆಳಿಗ್ಗೆ ಸಮಿತಿಯವರನ್ನು ಕರೆದುಕೊಂಡು ಹೋಗಿ ಅಲ್ಲಿನ ಹಕ್ಕಿಗಳನ್ನು ತೋರಿಸಿ ಎಂದು ನನಗೇ ಜವಾಬ್ದಾರಿ ವಹಿಸಿದ್ದಾರೆ. ಎಷ್ಟು ಜನ ಬರುತ್ತಾರೋ ತಿಳಿಯದು. ಮೂವರು ಹೂಂ ಎಂದಿದ್ದಾರೆ.

ಮನೆಗೂ ಮಸೀದಿಗೂ ನಡುವಿನ ಆ ಖಾಲಿ ನಿವೇಶನದಲ್ಲಿ ಈ ವರ್ಷ ಅಡಿಪಾಯ ಬಿದ್ದಿದೆ. ಕಟ್ಟುವವರ ತಪ್ಪೇನಿಲ್ಲ, ನಾವಿರುವ ಮನೆಯೂ ಒಂದು ಕಾಲಕ್ಕೆ ಬಯಲೇ. ಚಳಿಗಾಲ ಶುರುವಾದಾಗಿನಿಂದ ಮಗಳು ಮದ್ರಸಕ್ಕೆ ಹೋಗುವಾಗ ಅಲ್ಲಿ ನಿಂತು ಇಟ್ಟಿಗೆಯ ರಾಶಿಯ ಆಚೆ ಈಚೆ ಇಣುಕಿ, “ಇಲ್ಲ” ಎನ್ನುತ್ತಿದ್ದಳು. ಕಳೆದ ಶುಕ್ರವಾರ ಖಬರಸ್ಥಾನದ ಕಾಂಪೌಂಡಿನ ಹೊರಗೆ ನಾನು ಅವಳನ್ನು ಎತ್ತಿ ಹಿಡಿದೆ. ಗೋರಿಗಳ ಆಚೆ, ಹುಣಸೆ ಮರದ ನೆರಳಿನಲ್ಲಿ ಎರಡು ಹುದ್‌ಹುದ್‌ಗಳು ನೆಲ ಕುಕ್ಕುತ್ತಿದ್ದವು. ಅವಳು ನನ್ನ ತಲೆಗೂದಲು ಹಿಡಿದುಕೊಂಡು, ಉಸಿರೂ ಕೇಳದಷ್ಟು ಮೆಲ್ಲಗೆ, “ಎರಡು” ಎಂದಳು.