ಬಾಣಂತನಕ್ಕೆ ಹೋದ್ರೂ ಊರು ನೋಡ್ಕೊಂಡು ಬರ್ರಿ

ಸಿರುಗುಪ್ಪದ ನಮ್ಮ ದೊಡ್ಡಕ್ಕ ಮಗಳ ಬಾಣಂತನಕ್ಕೆ ಅಂತ ಲಂಡನ್ನಿಗೆ ಹೋಗಿ ಐದು ತಿಂಗಳು ಇದ್ದು ಬಂದ್ಲು. ಬಂದ ಮೇಲೆ ಓಣಿ ಹೆಣ್ಮಕ್ಕಳೆಲ್ಲಾ ಸುತ್ತ ಕೂತು, "ಲಂಡನ್ ಹೆಂಗೈತಕ್ಕಾ?" ಅಂತ ಕೇಳಿದ್ರೆ ಆಕಿ ಹೇಳಿದ್ದು ಇಷ್ಟೇ: "ಕಿಟಕಿಯಾಗಿಂದ ನೋಡೀನಮ್ಮಾ. ಎದುರಿಗೆ ಒಂದು ಕೆಂಪಿಟ್ಟಿಗೆ ಗೋಡೆ ಐತೆ." ಎಲ್ಲರೂ ನಕ್ರು. ಆಕಿನೂ ನಕ್ಲು. ನಂಗೆ ಮಾತ್ರ ನಗು ಬರಲಿಲ್ಲ.

ಆಕಿ ಹೋಗಿದ್ದು ಡಿಸೆಂಬರಿನಾಗೆ. ಆಗ ಅಲ್ಲಿ ಬೆಳಗಿನ ಎಂಟಕ್ಕೆ ಸೂರ್ಯ ಹುಟ್ಟಿ ಮಧ್ಯಾಹ್ನ ನಾಲ್ಕರೊಳಗೆ ಮುಳುಗಿಬಿಡ್ತಾನೆ. ಬಾಣಂತಿಗೆ ಅಡಿಗೆ, ಕೂಸಿಗೆ ಎಣ್ಣೆ-ನೀರು, ಬಟ್ಟೆ, ಪಾತ್ರೆ ಮುಗಿಸಿ ತಲೆ ಎತ್ತಿ ನೋಡಿದ್ರೆ ಹೊರಗೆ ಕತ್ತಲೆ. ಮಗಳು "ಅಮ್ಮಾ, ಚಳಿ ಕಮ್ಮಿ ಆಗ್ಲಿ, ಹೋಗೋಣ" ಅಂತಿದ್ಲಂತೆ. ಚಳಿ ಕಮ್ಮಿ ಆಗೋದ್ರೊಳಗೆ ವಾಪಸ್ ಟಿಕೆಟ್ಟಿನ ದಿನ ಬಂತು. ಅಕ್ಕ ಮಂಡಿ ನೋವು ತಗೊಂಡು ಬಂದ್ಲು, ಊರು ನೋಡಲಿಲ್ಲ. ಇದ್ರಾಗೆ ಮಗಳ ತಪ್ಪು ಅಂತ ಹೇಳೋದು ನಂಗೆ ಇಷ್ಟ ಇಲ್ಲ. ಅಕ್ಕ ಬಾಯಿಬಿಟ್ಟು ಕೇಳಿರಲಿಲ್ಲ, ಮಗಳಿಗೆ ಹೊಳೆದಿರಲಿಲ್ಲ. ನಮ್ಮ ಮನೆಗಳಾಗೆ ಬಹಳಷ್ಟು ಕೆಲಸ ಹಿಂಗೇ ನಿಂತು ಹೋಗ್ತಾವೆ.

ಹೋದ ವರ್ಷ ನನ್ನ ಸರದಿ ಬಂತು. ನನ್ನ ಮಗಳೂ ಅಲ್ಲೇ ಅದಾಳೆ, ಹೆರಿಗೆ ಆಗಸ್ಟಿನಾಗೆ. ಬಳ್ಳಾರಿಯಿಂದ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗಿ ವೀಸಾಕ್ಕೆ ಬೆರಳಚ್ಚು ಕೊಟ್ಟು ಬಂದ ರಾತ್ರಿನೇ ಮಗಳಿಗೆ ಫೋನ್ ಮಾಡಿ ಹೇಳಿದೆ: "ನೋಡವ್ವಾ, ಕೂಸಿಗೆ ತಿಂಗಳು ತುಂಬಿದ ಮೇಲೆ ಪ್ರತಿ ಶನಿವಾರ ನಂದು. ಬೆಳಿಗ್ಗೆ ಅಡಿಗೆ ಮಾಡಿಟ್ಟು ಹೋಗ್ತೀನಿ, ಸಂಜೆಗೆ ಬರ್ತೀನಿ." ಆ ಕಡೆ ಮಾತೇ ಇಲ್ಲ. ಆಮೇಲೆ, "ನೀನು ನನ್ನ ನೋಡ್ಕೊಳ್ಳಾಕೆ ಬರ್ತೀಯೋ, ಟೂರಿಗೆ ಬರ್ತೀಯೋ?" ಅಂದ್ಲು. ಸಿಟ್ಟು ಬಂತು, ಅಳುನೂ ಬಂತು. "ಎರಡಕ್ಕೂ ಬರ್ತೀನಿ" ಅಂದೆ. ಈ ಬರಹ ಬರೆಯಾಕೆ ಕೂತಿದ್ದೇ ಆ ಮಾತಿಗೋಸ್ಕರ. ನಾನು ಹಂಗಂದಿದ್ದು ಸರಿ ಅಂತ ಆಗಲೂ ಅನಿಸಿತ್ತು, ಈಗಲೂ ಅನಿಸುತ್ತೆ.

ಬಾಣಂತನಾನ ನಾನು ಹಗುರ ಮಾಡಿ ಹೇಳ್ತಿಲ್ಲ. ಅಳಿವಿ ಉಂಡಿ, ಅಂಟಿನುಂಡಿ, ಬಜೆ, ಶೇಂಗಾ ಪುಡಿ, ಗುರೆಳ್ಳು ಪುಡಿ ಎಲ್ಲಾ ಕಟ್ಕೊಂಡು ಹೋಗಿದ್ದೆ. (ತುಪ್ಪ, ಪೇಡೆ ಒಯ್ಯಬ್ಯಾಡ್ರಿ. ಹಾಲಿನ ಪದಾರ್ಥ, ಮಾಂಸ ನಮ್ಮ ದೇಶದಿಂದ ಅಲ್ಲಿಗೆ ಬಿಡಂಗಿಲ್ಲ. ಉಂಡಿಗೂ ತುಪ್ಪ ಹಾಕದೇ ಪುಡಿ ಮಾಡಿ ಒಯ್ದು, ಅಲ್ಲೇ ಬೆಣ್ಣೆ ತಂದು ಕಾಸಿ ಕಟ್ಟಿದೆ.) ಮೊದಲ ವಾರ ಕೂಸಿಗೆ ಲೋಬಾನ ಹಾಕಿದೆ ನೋಡ್ರಿ, ಮಾಳಿಗೆಗೆ ಹಚ್ಚಿದ ಹೊಗೆ ಗಂಟೆ ಕಿರುಚಾಕೆ ಹತ್ತಿತು. ಅಳಿಯ ಕುರ್ಚಿ ಮೇಲೆ ನಿಂತು ಟವಲ್ ಬೀಸಿದ್ದೇ ಬೀಸಿದ್ದು. ಅವತ್ತಿಗೆ ಲೋಬಾನ ಬಂದ್. ಅಲ್ಲಿಯ ಸೂಲಗಿತ್ತಿ ನರ್ಸ್ ಮನೆಗೇ ಬಂದು ಕೂಸಿನ ತೂಕ ನೋಡಿ, ತಾಯಿಗೆ ಹಾಲು ಕುಡಿಸೋ ಬಗೆ ಹೇಳಿ ಹೋಗ್ತಾಳೆ. ನಮ್ಮ ಆಶಾ ಕಾರ್ಯಕರ್ತೆ ಬಂದಂಗೇ ಅನ್ನಿಸ್ತು. ಒಟ್ಟಿನಾಗೆ ಆ ಒಂದು ತಿಂಗಳು ನಾನು ಹೊರಗಿನ ಗಾಳಿ ಕುಡಿಯಲಿಲ್ಲ. ಕುಡಿಬೇಕು ಅಂತನೂ ಅನಿಸಲಿಲ್ಲ.

ಸೆಪ್ಟೆಂಬರ್ ಮೂರನೇ ವಾರದ ಶನಿವಾರ. ಬೆಳಿಗ್ಗೆ ಎದ್ದು ಸೊಪ್ಪಿನ ಸಾರು, ಅನ್ನ, ಬೆಳ್ಳುಳ್ಳಿ ಚಟ್ನಿ ಮಾಡಿಟ್ಟು, ಸೀರೆ ಮೇಲೆ ಸ್ವೆಟರ್ ಹಾಕ್ಕೊಂಡು, ಕಾಲಿಗೆ ಬೂಟು ಹಾಕ್ಕೊಂಡು ಬಾಗಿಲಿಗೆ ನಿಂತೆ. ಅಳಿಯ ಬಸ್ಸಿನ ಕಾರ್ಡ್ ಕೈಗೆ ಕೊಟ್ಟ. ಅಲ್ಲಿ ಬಸ್ಸಿನಾಗೆ ರೊಕ್ಕ ತಗೊಳಂಗಿಲ್ಲ, ಕಾರ್ಡ್ ಮುಟ್ಟಿಸಬೇಕು ಅಷ್ಟೇ. ನಾನು ಹೋದಾಗ ಒಂದು ಸಲಕ್ಕೆ 1.75 ಪೌಂಡು ಇತ್ತು, ಒಂದು ತಾಸಿನೊಳಗೆ ಎಷ್ಟು ಬಸ್ ಬದಲಿಸಿದ್ರೂ ಅಷ್ಟೇ. 2023ರಿಂದ ಶಕ್ತಿ ಯೋಜನೆ ಒಳಗೆ ಸೊನ್ನೆ ಟಿಕೆಟ್ ಹಿಡಿದು ಕುರುಗೋಡಿಗೆ ಹೋಗಿ ಬರೋ ನಮ್ಗೆ ಅದು ಜಾಸ್ತಿನೇ. ಆದ್ರೆ ಆ ಕೆಂಪು ಬಸ್ಸಿನ ಮೇಲಿನ ಅಂತಸ್ತಿನಾಗೆ ಮುಂದಿನ ಸೀಟು ಹಿಡಿದು ಕೂತ್ರೆ ಊರೆಲ್ಲಾ ತೇರಿನ ಮೇಲೆ ಕೂತು ನೋಡಿದಂಗಾಗುತ್ತೆ. ಬೇರೆ ಟೂರ್ ಬಸ್ ಬೇಕಾಗಿಲ್ಲ.

ಆ ತಿಂಗಳು ಭಾಳ ಚೆಂದ ರೀ. ನಮ್ಮ ಕಡೆ ಉತ್ತರೆ, ಹಸ್ತ ಮಳೆ ನೋಡ್ಕೊಂಡು ಹಿಂಗಾರಿ ಜ್ವಾಳಕ್ಕೆ ಹೊಲ ಹದ ಮಾಡೋ ಹೊತ್ತು. ಅಲ್ಲಿ ಬಿಸಿಲು ಹಳದಿಗೆ ತಿರುಗಿರುತ್ತೆ, ಹೊಡೆಯೋ ಬಿಸಿಲಲ್ಲ. ಗಿಡದ ಎಲೆ ಒಂದೊಂದೇ ಕಂದಾಗ್ತಿರ್ತಾವೆ, ಇನ್ನೂ ಪೂರಾ ಉದುರಿರಂಗಿಲ್ಲ. ಸಂಜೆ ಏಳರ ತನಕ ಬೆಳಕು. ಸಾಲಿ ಶುರುವಾಗಿರೋದ್ರಿಂದ ಪಾರ್ಕಿನಾಗೆ ಗದ್ದಲ ಕಮ್ಮಿ. ಇದೇ ಅಕ್ಟೋಬರ್ ಕೊನೇ ಭಾನುವಾರ ಅವರು ಗಡಿಯಾರನ ಒಂದು ತಾಸು ಹಿಂದಕ್ಕಿಡ್ತಾರೆ. ಅಲ್ಲಿಂದ ಮುಂದೆ ಐದರೊಳಗೇ ಕತ್ತಲೆ. ಅದಕ್ಕೇ ಹೇಳ್ತೀನಿ, ಹೋಗೋ ತಿಂಗಳು ನಿಮ್ಮ ಕೈಯಾಗಿದ್ರೆ ಸೆಪ್ಟೆಂಬರ್ ಹಿಡೀರಿ. ಹೆರಿಗೆ ತಿಂಗಳು ಯಾರ ಕೈಯಾಗೂ ಇಲ್ಲ, ಖರೆ. ಆದ್ರೆ ಕೂಸಿನ ಹುಟ್ಟಿದ ಹಬ್ಬಕ್ಕೋ, ಎರಡನೇ ಸಲಕ್ಕೋ ಹೋಗೋರು ಯಾಕೆ ಚಳಿಯಾಗೇ ಹೋಗಬೇಕು?

ಮೊದಲು ಹೋಗಿದ್ದು ಬಸವಣ್ಣನ ಹತ್ರ. ಥೇಮ್ಸ್ ಹೊಳೆ ದಂಡಿಗೆ, ಲ್ಯಾಂಬೆತ್ ಸೇತುವೆ ಸಮೀಪ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಅನ್ನೋ ಕಡೆ ಬಸವೇಶ್ವರರ ಮೂರ್ತಿ ಐತೆ. ಎದೆಮಟ್ಟದ ಮೂರ್ತಿ. 2015ರ ನವೆಂಬರ್ 14ಕ್ಕೆ ಪ್ರಧಾನಿ ಮೋದಿಯವರು ಉದ್ಘಾಟನೆ ಮಾಡಿದ್ದು. ಅದಕ್ಕೆ ಓಡಾಡಿದವರು ನಮ್ಮ ಕಲಬುರಗಿ ಕಡೆಯ ನೀರಜ್ ಪಾಟೀಲರು, ಲ್ಯಾಂಬೆತ್‌ನ ಮೇಯರ್ ಆಗಿದ್ದವರು. ಹೊಳೆ ಆಚೆ ದಂಡಿಗೆ ಅವರ ಪಾರ್ಲಿಮೆಂಟು ಕಾಣುತ್ತೆ. ನನ್ನ ತವರು ಕುರುಗೋಡು. ದೊಡ್ಡಬಸವೇಶ್ವರನ ಏಕಶಿಲೆ ನಂದಿ ನೋಡ್ತಾನೇ ಬೆಳೆದಾಕಿ ನಾನು. ನಮ್ಮೂರಿನ ಬಸವಣ್ಣ ಎತ್ತಿನ ರೂಪದಾಗೆ ಕೂತವನು, ಕತ್ತೆತ್ತಿ ನೋಡಬೇಕು. ಇಲ್ಲಿಯವನು ಮನುಷ್ಯ ರೂಪದಾಗೆ, ಮೋಡದ ಕೆಳಗೆ. ಪರಸಿನಾಗಿದ್ದ ವಿಭೂತಿ ಹಚ್ಕೊಂಡು ಅಲ್ಲೇ ಬೆಂಚಿನ ಮೇಲೆ ಕೂತೆ. ಓಡೋರು, ನಾಯಿ ಹಿಡ್ಕೊಂಡು ಹೋಗೋರು ಯಾರೂ ನನ್ನ ಕಡೆ ನೋಡಲಿಲ್ಲ. ಮೂವತ್ತು ವರ್ಷದಾಗೆ ನಾನು ಅಡಿಗೆ ಮನೆ, ಆಸ್ಪತ್ರೆ, ಮದುವೆ ಮನೆ ಬಿಟ್ಟು ಬೇರೆ ಕಡೆ, ಒಬ್ಬಾಕಿನೇ, ಯಾರಿಗೂ ಕಾಯದೆ ಕೂತಿದ್ದು ಅದೇ ಮೊದಲು ಅಂತ ಆವಾಗ ನೆಪ್ಪಾತು.

ಮುಂದಿನ ಶನಿವಾರ ಬ್ರಿಟಿಷ್ ಮ್ಯೂಸಿಯಮ್ಮು. ಒಳಗೆ ಹೋಗಾಕೆ ದುಡ್ಡಿಲ್ಲ. ನಮ್ಮ ಆಂಧ್ರದ ಅಮರಾವತಿ ಸ್ತೂಪದ ಕಲ್ಲುಗಳು ಅಲ್ಲಿ ಒಂದು ಕೋಣೆ ತುಂಬಾ ಅದಾವೆ. ಅಮರಾವತಿ ಎಕ್ಸ್‌ಪ್ರೆಸ್ಸು ಬಳ್ಳಾರಿ ಸ್ಟೇಷನ್ ಮೇಲೇ ಹೋಗುತ್ತೆ, ಒಂದು ದಿನವೂ ಹತ್ತಿ ಆ ಕಡೆ ಹೋಗಿ ನೋಡಿರಲಿಲ್ಲ. ಆ ಕಲ್ಲುಗಳನ್ನ ಲಂಡನ್ನಿನಾಗೆ ನೋಡಿದೆ. ಕಲ್ಲಿನಾಗೆ ಕೊರೆದ ಹೆಣ್ಮಕ್ಕಳ ಕೈ ತುಂಬಾ ಬಳೆ, ಸೊಂಟಕ್ಕೆ ಡಾಬು. ನಮ್ಮವೇ ಅನಿಸಿತು. ಇವು ಇಲ್ಲಿರಬೇಕಾ ಅಂತ ಸಂಕಟನೂ ಆತು. ಇನ್ನೊಂದು ಶನಿವಾರ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿಗೆ ಹೋಗಿ ಟಿಪ್ಪುವಿನ ಹುಲಿ ನೋಡಿದೆ. ಕೆಳಗೆ ಬಿದ್ದ ದೊರೆ ಮೇಲೆ ಹುಲಿ ಕೂತಿರೋ ಮರದ ಬೊಂಬೆ. ಅದಕ್ಕೂ ಟಿಕೆಟ್ಟಿಲ್ಲ. ದುಡ್ಡಿಲ್ಲ ಅದಕ್ಕೇ ನೋಡಲಿಲ್ಲ ಅನ್ನೋ ಮಾತು ಲಂಡನ್ನಿನಾಗೆ ಅರ್ಧಕ್ಕರ್ಧ ಸುಳ್ಳು ರೀ. ಟಿಫನ್ ಡಬ್ಬಿಯಾಗೆ ರೊಟ್ಟಿ-ಚಟ್ನಿ, ಒಂದು ನೀರಿನ ಬಾಟಲಿ, ಬಸ್ ಕಾರ್ಡ್ ಇದ್ರೆ ದಿನ ಸಾಗುತ್ತೆ.

ಇಂಗ್ಲಿಷ್ ಬರಲ್ಲ ಅಂತೀರಿ. ನಂಗೂ ಅಷ್ಟಕ್ಕಷ್ಟೇ. ಮನೆ ವಿಳಾಸ, ಮಗಳ ನಂಬರ್ ಒಂದು ಚೀಟಿಯಾಗೆ ಬರೆದು ಪರಸಿನಾಗಿಟ್ಟಿದ್ದೆ. ಒಂದು ಸಲ ಬಸ್ ತಪ್ಪಿ ಬ್ಯಾರೆ ಕಡೆ ಇಳಿದೆ. ಎದೆ ಡವಡವ ಅಂತು. ಒಬ್ಬ ಮುದುಕಿಗೆ ಚೀಟಿ ತೋರಿಸಿದೆ, ಆಕಿ ಸ್ಟಾಪಿನ ತನಕ ಕರ್ಕೊಂಡು ಬಂದು ಬಸ್ ಹತ್ತಿಸಿ ಹೋದ್ಲು. ನಮ್ಮ ಬಳ್ಳಾರಿಗೆ 1810ರಾಗೆ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅನ್ನೋ ಪಾದ್ರಿ ಬಂದಾಗ ಅವರಿಗೂ ಕನ್ನಡ ಬರ್ತಿರಲಿಲ್ಲ. ಇಲ್ಲೇ ಕೂತು ಕಲಿತು, ಬೈಬಲ್ಲನ್ನೇ ಕನ್ನಡಕ್ಕೆ ತಂದ್ರು. ನಾವು ಅಷ್ಟು ಮಾಡೋದು ಬ್ಯಾಡ, ಬಸ್ ನಂಬರ್ ಓದಿದ್ರೆ ಸಾಕು.

ಈಗ ಮುಖ್ಯವಾದ ಮಾತು. "ಬಾಣಂತಿ ಬಿಟ್ಟು ಹೆಂಗೆ ಹೋಗ್ತಿ, ಬೀಗರು ಏನಂತಾರೆ?" ಅಂತ ಓಣಿಯಾಗೆ ಕೇಳಿದ್ರು. ನಾನಿಲ್ಲದ ಶನಿವಾರಗಳಾಗೆ ಏನಾತು ಹೇಳ್ತೀನಿ ಕೇಳ್ರಿ. ಅಳಿಯನ ರಜೆ ಎರಡು ವಾರಕ್ಕೇ ಮುಗಿದಿತ್ತು. ಅಲ್ಲಿ ತನಕ ನಾನೇ ಕೂಸನ್ನ ಎತ್ತಿ ಎತ್ತಿ, ಅವನ ಕೈಗೆ ಅದು ಬಂದೇ ಇರಲಿಲ್ಲ. "ಬಿಡಪ್ಪಾ, ನಿಂಗೆ ಬರಲ್ಲ" ಅಂತ ನಾನೇ ಕಸಕೊಂಡು ಬಿಡ್ತಿದ್ದೆ. ಮೊದಲ ಶನಿವಾರ ಸಂಜೆ ಬಂದು ನೋಡ್ತೀನಿ, ಮನೆ ಅಂಗಾತ ಬಿದ್ದೈತೆ. ಎರಡನೇ ಶನಿವಾರ ಕೂಸಿನ ಬಟ್ಟೆ ಮಡಿಸಿಟ್ಟಿದ್ದ. ಮೂರನೇ ಶನಿವಾರ ನಾನು ಬಂದಾಗ ಅಪ್ಪನ ಎದೆ ಮೇಲೆ ಕೂಸು ನಿದ್ದಿ ಮಾಡ್ತಿತ್ತು, ಮಗಳು ಒಳಗೆ ಗಡದ್ದಾಗಿ ಮಲಗಿದ್ಲು. ನಾನು ದಿನಾ ಮನೆಯಾಗೇ ಇದ್ದಿದ್ರೆ ಇದು ಆಗ್ತಿರಲಿಲ್ಲ. ನಾನು ಊರಿಗೆ ಬಂದ ಮೇಲೆ ಅವರಿಬ್ಬರೇ ತಾನೇ ಆ ಕೂಸು ಸಾಕಬೇಕು? ಅಮ್ಮ ಒಂದು ದಿನ ಹೊರಗೆ ಹೋದ್ರೆ ಅಪ್ಪ ಆದವನು ಅಪ್ಪ ಆಗ್ತಾನೆ. ಇದನ್ನ ನಾನು ಯಾವ ಪುಸ್ತಕದಾಗೂ ಓದಿಲ್ಲ, ಕಣ್ಣಾರೆ ಕಂಡೀನಿ.

ಮಗಳೂ ಆಮೇಲೆ ಬದಲಾದ್ಲು. "ಅಮ್ಮಾ, ಮುಂದಿನ ವಾರ ಎಲ್ಲಿಗೆ?" ಅಂತ ಆಕಿನೇ ಕೇಳಿ, ಬಸ್ ನಂಬರ್ ದಪ್ಪ ಅಕ್ಷರದಾಗೆ ಬರೆದು ಕೊಡ್ತಿದ್ಲು. ಕೊನೇ ಸಲ ಕೂಸನ್ನ ಗಾಡಿಯಾಗಿಟ್ಕೊಂಡು ಆಕಿನೂ ಬಂದ್ಲು. ಸೇಂಟ್ ಜೇಮ್ಸ್ ಪಾರ್ಕಿನ ಕೆರೆಯಾಗೆ ದೊಡ್ಡ ಚೀಲ ಕೊಕ್ಕಿನ ಪೆಲಿಕನ್ ಹಕ್ಕಿ ಅದಾವೆ. ಅವನ್ನ ನೋಡ್ತಾ ಮೂರೂ ತಲೆಮಾರು ಹುಲ್ಲಿನ ಮೇಲೆ ಕೂತು ಉಪ್ಪಿಟ್ಟು ತಿಂದ್ವಿ. ಕೂಸು ಹಾಲು ಕುಡೀತು ಅನ್ನಿ.

ಹೋಗೋರಿಗೆ ನಾಲ್ಕು ಮಾತು. ಟಿಕೆಟ್ ತೆಗೆಸೋಕಿಂತ ಮೊದಲೇ ಮಗಳಿಗೋ ಸೊಸೆಗೋ "ವಾರಕ್ಕೊಂದು ದಿನ ನಂದು" ಅಂತ ಹೇಳ್ರಿ. ಅಲ್ಲಿ ಹೋದ ಮೇಲೆ ಹೇಳಿದ್ರೆ ಜಗಳಾಗುತ್ತೆ. ಇನ್ಶೂರೆನ್ಸ್ ಮಾಡಿಸ್ರಿ, ಪ್ರವಾಸಿ ವೀಸಾದವರು ಆಸ್ಪತ್ರೆಗೆ ದಾಖಲಾದ್ರೆ ಖರ್ಚು ನಮ್ಮದೇ. ಚಪ್ಪಲಿ ಬ್ಯಾಡ, ಬೂಟು ತಗೊಳ್ರಿ. ಕೊಡೆ ಮರೀಬ್ಯಾಡ್ರಿ, ಬಿಸಿಲಿದ್ದಂಗೇ ಮಳೆ ಬರುತ್ತೆ. ಇನ್ನು ಹೆಣ್ಮಕ್ಕಳೇ, ನಿಮ್ಗೂ ಒಂದು ಮಾತು: ನಿಮ್ಮಮ್ಮ ಕೇಳಂಗಿಲ್ಲ. ಕೇಳೋದು ಅವರಿಗೆ ಯಾರೂ ಕಲಿಸಿಲ್ಲ. ನೀವೇ ಬಾಗಿಲು ತೆಗೆದು ಕಳಿಸ್ರಿ.

ಬರೋವಾಗ ಪಾರ್ಕಿನಾಗೆ ಬಿದ್ದಿದ್ದ ಒಂದು ಕಾಯಿ ಆರಿಸಿಕೊಂಡು ಬಂದೆ. ಕಾಂಕರ್ ಅಂತಾರೆ. ಎಣ್ಣೆ ಹಚ್ಚಿದಂಗೆ ಮಿಂಚೋ ಕಂದು ಬೀಜ, ಹುಡುಗರು ದಾರಕ್ಕೆ ಕಟ್ಟಿ ಆಡ್ತಾರೆ, ತಿನ್ನೋದಲ್ಲ. ನಮ್ಮ ಅಂಟುವಾಳ ಕಾಯಿಯ ಜಾತಿನೇ ಅಂತೆ ಅದು. ಸಿರುಗುಪ್ಪಕ್ಕೆ ಹೋದಾಗ ದೊಡ್ಡಕ್ಕನ ಕೈಗೆ ಕೊಟ್ಟೆ. ತಿರುಗಿಸಿ ತಿರುಗಿಸಿ ನೋಡಿದ್ಲು. "ನಮ್ಮ ಹುಡುಗಿ ಮನೆ ಹತ್ರಾನೂ ಇವು ಇದ್ದಿರಬೇಕಲ್ಲೇ?" ಅಂದ್ಲು. ಇದ್ದಿರಬೇಕು ಅಂದೆ.

ಮೊಮ್ಮಗಳಿಗೆ ಈ ಸಲ ಎರಡು ತುಂಬುತ್ತೆ. ಅಕ್ಕಗೆ ಸೆಪ್ಟೆಂಬರಿಗೆ ಟಿಕೆಟ್ ತೆಗೆಸಬೇಕು ಅಂತ ಆಕಿ ಮಗಳಿಗೆ ನಾನೇ ಫೋನ್ ಮಾಡೀನಿ. ಮಂಡಿಗೆ ಎಣ್ಣೆ, ಕಾಲಿಗೆ ಬೂಟು ನನ್ನ ಕಡೆಯಿಂದ.